ಆಕಾಶದಲ್ಲಿ ಅಕ್ಷರ ಹುಡುಕುವವರಿಗೆ: ತೊಣ್ಣೂರಿನ ಏರಿಯಿಂದ ಗ್ಯಾಲಕ್ಸಿಗಳವರೆಗೆ

ಮಂಡ್ಯ ಜಿಲ್ಲೆಯ ತೊಣ್ಣೂರಿನಲ್ಲಿ, ಎರಡು ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡಲಾಗಿ ಕಟ್ಟಿದ ಏರಿಯ ಹಿಂದೆ ಒಂದು ಪ್ರಾಚೀನ ಕೆರೆಯಿದೆ. ರಾಮಾನುಜಾಚಾರ್ಯರು ಅದಕ್ಕೆ ‘ತಿರುಮಲಸಾಗರ’ ಎಂಬ ಹೆಸರಿಟ್ಟರೆಂಬುದು ಪ್ರತೀತಿ. 1746ರಲ್ಲಿ ನಿಜಾಮುಲ್ ಮುಲ್ಕ್ ಆಸಫ್ ಜಾಹನ ಮಗ ನಾಸಿರ್ ಜಂಗ್ ಇತ್ತ ಬಂದಾಗ ಅದನ್ನು ‘ಮೋತಿ ತಾಲಾಬ್’, ಅಂದರೆ ಮುತ್ತಿನ ಕೆರೆ, ಎಂದು ಕರೆದನೆಂದು ಮೈಸೂರಿನ ಹಳೆಯ ಗೆಜೆಟಿಯರ್ ದಾಖಲಿಸಿದೆ. ನೀರು ಒಂದೇ, ಭಕ್ತರಾದ ಆಚಾರ್ಯರಿಗೆ ಅದರಲ್ಲಿ ತಿರುಮಲ ನೆನಪಾಯಿತು, ರಾಜಕುಮಾರನಿಗೆ ಮುತ್ತು ನೆನಪಾಯಿತು.

ಸುತ್ತಲಿನ ಊರುಗಳ ಕಥೆಯೂ ಹೀಗೆಯೇ ಇದೆ. ಹಿಂದೆ ಹಿರೋಡೆ ಎನಿಸಿಕೊಂಡಿದ್ದ ಊರು, ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ‘ಫ್ರೆಂಚ್ ರಾಕ್ಸ್’ ಆಯಿತು. ಅದೇ ಬಂಡೆಗಳಲ್ಲಿ ಪಾಂಡವರ ವನವಾಸದ ಗುರುತು ಕಂಡವರಿಗೆ ಅದು ಕುಂತಿಬೆಟ್ಟ; ಇಂದು ಊರಿನ ಹೆಸರು ಪಾಂಡವಪುರ. ಕಲ್ಲು ತನ್ನ ಹೆಸರನ್ನು ತಾನೇ ಹೇಳುವುದಿಲ್ಲ. ನೋಡುವ ಮನುಷ್ಯ ತನ್ನ ನೆನಪಿನ ಗಂಟಿನಿಂದ ಒಂದು ಹೆಸರನ್ನು ತೆಗೆದು ಅದಕ್ಕೆ ತೊಡಿಸುತ್ತಾನೆ.

ಈ ಮಾತು ನನ್ನ ಮನಸ್ಸಿಗೆ ಬಂದುದಕ್ಕೆ ಒಂದು ಕಾರಣವಿದೆ. ಒಂದು ಸಂಜೆ ಕುಟುಂಬದೊಂದಿಗೆ ಆ ಏರಿಯ ಮೇಲೆ ಕುಳಿತಿದ್ದೆವು. ತಂಗಿಯ ಮಗ ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದು, “ಮಾಮು, ಇದನ್ನು ನೋಡಿ” ಎಂದ. ದೂರದರ್ಶಕದಿಂದ ತೆಗೆದ ಒಂದು ಗ್ಯಾಲಕ್ಸಿಯ ಚಿತ್ರ. ಅದರ ಸುರುಳಿಯ ಮೇಲೆ ಯಾರೋ ಕೆಂಪು ಗೆರೆ ಎಳೆದು, ಅಲ್ಲಾಹನ ನಾಮವು ಆಕಾಶದಲ್ಲಿ ಬರೆಯಲ್ಪಟ್ಟಿದೆ, ಇದನ್ನು ಹತ್ತು ಮಂದಿಗೆ ಕಳುಹಿಸಿರಿ ಎಂದು ಬರೆದಿದ್ದರು. ಮನೆಯ ಹಿರಿಯರು “ಸುಬ್‌ಹಾನಲ್ಲಾಹ್” ಎಂದರು. ಆದರೆ ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ. “ಶಾಲೆಯಲ್ಲಿ ಇದನ್ನು ತೋರಿಸಿದೆ. ಗೆರೆ ತೆಗೆದು ನೋಡು, ಏನೂ ಇಲ್ಲ ಎಂದು ನಗಾಡಿದರು. ಮಾಮು, ಇದು ಸುಳ್ಳಾದರೆ ಉಳಿದದ್ದೂ ಸುಳ್ಳಾ?” ಎಂದು ಕೇಳಿದ.

ಹದಿಮೂರು ವರ್ಷದ ಬಾಲಕನ ಈ ಪ್ರಶ್ನೆಯನ್ನು ಗದರಿಸಿ ಮುಚ್ಚುವಂತಿರಲಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಾವಿರ ವರ್ಷಗಳ ಇತಿಹಾಸವೊಂದು ತೆರೆದುಕೊಂಡಿತು. ಅದರಲ್ಲಿ ಮುಸ್ಲಿಮ್ ವಿದ್ವಾಂಸರ ಪಾಲು ದೊಡ್ಡದು. ಆ ಇತಿಹಾಸವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಹುಲ್ಲಿನ ದಾರಿ, ಹಾಲಿನ ದಾರಿ, ಗಂಗೆಯ ದಾರಿ

ಕತ್ತಲ ರಾತ್ರಿಯಲ್ಲಿ ಆಕಾಶದ ನಡುವೆ ಹಾದುಹೋಗುವ ಮಸುಕು ಬೆಳಕಿನ ಪಟ್ಟಿಗೆ ನಾವು ಆಕಾಶಗಂಗೆ ಎನ್ನುತ್ತೇವೆ. ಗ್ರೀಕರಿಗೆ ಅದು ಚೆಲ್ಲಿದ ಹಾಲು. ಅರಬರು ಅದನ್ನು ‘ದರ್ಬುತ್ತಬ್ಬಾನಾ’, ಒಣಹುಲ್ಲು ಸಾಗಿಸುವವರ ದಾರಿ, ಎಂದರು. ನಮ್ಮ ಮನೆಗಳ ಉರ್ದುವಿನಲ್ಲಿರುವ ‘ಕಹಕಶಾಂ’ ಎಂಬ ಪಾರಸಿ ಪದಕ್ಕೂ ಹುಲ್ಲು ಎಳೆದುಕೊಂಡು ಹೋದ ಜಾಡು ಎಂಬುದೇ ಮೂಲಾರ್ಥ. ಸುಗ್ಗಿಯ ಕಾಲದಲ್ಲಿ ಹುಲ್ಲಿನ ಗಾಡಿ ಹೋದ ದಾರಿಯಲ್ಲಿ ಎಳೆಗಳು ಉದುರಿ ಬಿದ್ದಿರುವುದನ್ನು ಕಂಡ ಮಂಡ್ಯದ ರೈತನಿಗೆ ಈ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ.

ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳನ್ನೇ ನೋಡಿರಿ. ಭಾರತೀಯರಿಗೆ ಅವು ಏಳು ಮಂದಿ ಋಷಿಗಳು. ಅರಬರಿಗೆ ‘ಬನಾತು ನಅಶ್’: ನಾಲ್ಕು ನಕ್ಷತ್ರಗಳು ಒಂದು ಶವದ ಮಂಚ, ಹಿಂದಿನ ಮೂರು ಅದನ್ನು ಹಿಂಬಾಲಿಸುವ ಹೆಣ್ಣುಮಕ್ಕಳು. ಇಂಗ್ಲೆಂಡಿನ ರೈತರಿಗೆ ಅದು ನೇಗಿಲು. ಈ ಮೂರರಲ್ಲಿ ಯಾವುದೂ ಆಕಾಶದಲ್ಲಿಲ್ಲ, ಆದರೆ ಮೂರೂ ಉಪಯುಕ್ತ. ಹೆಸರಿಟ್ಟ ರೂಪವು ನೆನಪಿನಲ್ಲಿ ಉಳಿಯುತ್ತದೆ. ನೆನಪಿನಲ್ಲುಳಿದ ನಕ್ಷತ್ರ ದಾರಿ ತೋರಿಸುತ್ತದೆ. ನೆಲ ಮತ್ತು ಸಮುದ್ರದ ಕತ್ತಲಲ್ಲಿ ದಾರಿ ಕಾಣಲು ನಕ್ಷತ್ರಗಳನ್ನು ಮಾಡಲಾಗಿದೆ ಎಂಬ ಅರ್ಥದ ಮಾತು ಪವಿತ್ರ ಕುರ್‌ಆನಿನ ಸೂರಃ ಅಲ್ ಅನ್‌ಆಮ್‌ನಲ್ಲಿದೆ (6:97). ಆದುದರಿಂದ ಆಕಾಶದಲ್ಲಿ ಪರಿಚಿತ ರೂಪಗಳನ್ನು ಕಾಣುವುದು ಸ್ವತಃ ತಪ್ಪಲ್ಲ. ಅದು ಮನುಷ್ಯನಿಗೆ ದೊರೆತ ಒಂದು ಶಕ್ತಿ. ಆ ಶಕ್ತಿ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಮೋಸಗೊಳಿಸುತ್ತದೆ ಎಂಬುದನ್ನು ಅರಿಯುವುದೇ ಇಲ್ಲಿನ ವಿಷಯ.

ಮೀನಿನ ಬಾಯಿಯ ಮುಂದಿನ ಪುಟ್ಟ ಮೋಡ

ಹಿಜರಿ ನಾಲ್ಕನೆಯ ಶತಮಾನದಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ಖಗೋಳಜ್ಞರಿದ್ದರು. ಕ್ರಿ.ಶ. 903ರಲ್ಲಿ ಪರ್ಷಿಯಾದ ರಯ್ಯ್ ನಗರದಲ್ಲಿ ಹುಟ್ಟಿದ ಇವರು ಬುವೈಹಿ ಅರಸ ಅಝುದುದ್ದೌಲಾನ ಆಶ್ರಯದಲ್ಲಿ ಕೆಲಸ ಮಾಡಿ, ಸುಮಾರು 964ರಲ್ಲಿ ಸ್ಥಿರ ನಕ್ಷತ್ರಗಳ ರೂಪಗಳನ್ನು ಕುರಿತ ‘ಸುವರುಲ್ ಕವಾಕಿಬ್’ ಎಂಬ ಗ್ರಂಥವನ್ನು ರಚಿಸಿದರು. ಗ್ರೀಕ್ ವಿದ್ವಾಂಸ ಟಾಲೆಮಿ ಕೊಟ್ಟ ನಕ್ಷತ್ರಪಟ್ಟಿಯನ್ನು ಅವರು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಒಂದೊಂದು ನಕ್ಷತ್ರವನ್ನೂ ಆಕಾಶದೊಂದಿಗೆ ಹೋಲಿಸಿ, ಅದರ ಹೊಳಪನ್ನು ತಾವೇ ಅಳೆದು ತಿದ್ದಿದರು.

ಆ ಗ್ರಂಥದಲ್ಲಿ ಎರಡು ಸಂಗತಿಗಳು ನಮಗೆ ಮುಖ್ಯ. ಮೊದಲನೆಯದು: ಅರಬರು ಕಲ್ಪಿಸಿಕೊಂಡಿದ್ದ ಒಂದು ದೊಡ್ಡ ಮೀನಿನ ಬಾಯಿಯ ಮುಂದೆ ಅಸ್ಸೂಫಿಯವರು ಒಂದು ಮೋಡದಂತಹ ಮಸುಕಾದ ಕಲೆಯನ್ನು ಗುರುತಿಸಿದರು. ಅದೇ ಇಂದು ನಾವು ಆಂಡ್ರೊಮಿಡಾ ಗ್ಯಾಲಕ್ಸಿ ಎಂದು ಕರೆಯುವ ಆಕಾಶಕಾಯ. ಲಿಖಿತ ರೂಪದಲ್ಲಿ ಉಳಿದಿರುವ, ಅದರ ಅತ್ಯಂತ ಹಳೆಯ ಉಲ್ಲೇಖ ಅದುವೇ. ಅವರು ಅದಕ್ಕೆ ಕಥೆ ಕಟ್ಟಲಿಲ್ಲ. ಅದು ಮೋಡದಂತೆ ಕಂಡಿತು, ಮೋಡದಂತಿದೆ ಎಂದು ಬರೆದು ಅಲ್ಲಿಗೆ ನಿಲ್ಲಿಸಿದರು. ಆ ಪುಟ್ಟ ಮೋಡವು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ, ಅಸಂಖ್ಯ ಸೂರ್ಯರ ಇನ್ನೊಂದು ಲೋಕವೆಂದು ಜಗತ್ತಿಗೆ ಮನವರಿಕೆಯಾದುದು 1920ರ ದಶಕದಲ್ಲಿ, ಎಡ್ವಿನ್ ಹಬಲ್ ಅದರೊಳಗಿನ ಮಿಡಿಯುವ ನಕ್ಷತ್ರಗಳನ್ನು ಅಳೆದಾಗ. ನಡುವೆ ಸಾವಿರಕ್ಕೆ ಸಮೀಪದ ವರ್ಷಗಳು ಕಳೆದಿದ್ದವು. ಅಸ್ಸೂಫಿಯವರ ಮಾತು ಒಂದಕ್ಷರವೂ ಸುಳ್ಳಾಗಲಿಲ್ಲ. ಏಕೆಂದರೆ ಅವರು ಕಂಡದ್ದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಎರಡನೆಯದು: ಪ್ರತಿಯೊಂದು ನಕ್ಷತ್ರಮಂಡಲಕ್ಕೂ ಅವರು ಎರಡು ಚಿತ್ರಗಳನ್ನು ಕೊಟ್ಟರು. ಒಂದು, ಭೂಮಿಯಿಂದ ಕಣ್ಣಿಗೆ ಕಾಣುವಂತೆ. ಇನ್ನೊಂದು, ಖಗೋಳದ ಗೋಲದ ಮೇಲೆ ಹೊರಗಿನಿಂದ ನೋಡಿದಂತೆ, ಅಂದರೆ ಎಡ ಬಲ ತಿರುವಿ. ಒಂದೇ ರೂಪ ನೋಡುವ ಸ್ಥಾನಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬ ಪಾಠ ಆ ಜೋಡಿ ಚಿತ್ರಗಳಲ್ಲಿದೆ. ಈ ಕನ್ನಡಿಯ ಉಪಾಯ ಸಾವಿರ ವರ್ಷಗಳ ನಂತರ ಮತ್ತೆ ಉಪಯೋಗಕ್ಕೆ ಬಂದುದನ್ನು ಮುಂದೆ ನೋಡೋಣ.

ಕಣ್ಣು ಕಾಣುತ್ತದೆ, ನೆನಪು ಗುರುತಿಸುತ್ತದೆ

ಅಸ್ಸೂಫಿಯವರ ಗ್ರಂಥ ಪೂರ್ಣಗೊಂಡ ಕಾಲದಲ್ಲಿಯೇ, ಸುಮಾರು 965ರಲ್ಲಿ, ಬಸ್ರಾದಲ್ಲಿ ಇಬ್ನುಲ್ ಹೈಸಮ್ ಹುಟ್ಟಿದರು. ಕೈರೋದಲ್ಲಿ ಅವರು ಬರೆದ ‘ಕಿತಾಬುಲ್ ಮನಾಝಿರ್’ ದೃಷ್ಟಿಶಾಸ್ತ್ರದ ಬುನಾದಿಯೆನಿಸಿದೆ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂಬುದನ್ನು ಪ್ರಯೋಗಗಳ ಆಧಾರದಲ್ಲಿ ಸ್ಥಾಪಿಸಿದವರೆಂದು ಅವರನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದೇ ಗ್ರಂಥದಲ್ಲಿ ಅವರು ಇನ್ನೊಂದು ಆಳವಾದ ವಿಚಾರವನ್ನೂ ಹೇಳಿದ್ದಾರೆ. ನೋಡುವುದು ಬರಿಯ ಕಣ್ಣಿನ ಕೆಲಸವಲ್ಲ. ಮನಸ್ಸಿನಲ್ಲಿ ಮೊದಲೇ ಸಂಗ್ರಹವಾಗಿರುವ ರೂಪಗಳೊಂದಿಗೆ ಹೊಸದನ್ನು ಹೋಲಿಸಿ, ಇದು ಇಂತಹದು ಎಂದು ತೀರ್ಪು ಕೊಡುವ ಒಂದು ಶಕ್ತಿ ಒಳಗಿದೆ. ಆ ತೀರ್ಪು ಎಷ್ಟು ವೇಗವಾಗಿ ನಡೆಯುತ್ತದೆಂದರೆ, ನಾವು ತೀರ್ಪು ಕೊಟ್ಟೆವೆಂಬುದೇ ನಮಗೆ ತಿಳಿಯುವುದಿಲ್ಲ. ಕಣ್ಣಾರೆ ಕಂಡೆವೆಂದೇ ನಂಬುತ್ತೇವೆ. ದೂರ ಹೆಚ್ಚಾದಾಗ, ಬೆಳಕು ಮಂದವಾದಾಗ ಈ ತೀರ್ಪು ತಪ್ಪುತ್ತದೆ. ದೃಷ್ಟಿಯ ದೋಷಗಳನ್ನು ವಿವರಿಸಲು ಅವರು ಗ್ರಂಥದ ಒಂದು ಭಾಗವನ್ನೇ ಮೀಸಲಿಟ್ಟರು.

ಗ್ಯಾಲಕ್ಸಿಗಳ ಚಿತ್ರಗಳಿಗಿಂತ ದೂರವಾದುದು, ಮಂದವಾದುದು ಬೇರೆ ಯಾವುದಿದೆ? ಅಲ್ಲಿ ನೆನಪು ತಾನಾಗಿ ಮುಂದೆ ಬರುತ್ತದೆ. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಅಂಗುಲದ ದೂರದರ್ಶಕದಲ್ಲಿ ಎಂ 51 ಎಂಬ ಮಸುಕು ಕಲೆಯ ಸುರುಳಿಯನ್ನು ಮೊದಲ ಬಾರಿಗೆ ಕಂಡು ಚಿತ್ರಿಸಿದರು. ಅದು ಇಂದು ನೀರಿನ ಸುಳಿಯ ಹೆಸರಿನಿಂದಲೇ ಪ್ರಸಿದ್ಧ. ಬಳಿಕ ಟೋಪಿ, ಗಾಡಿಚಕ್ರ, ಗೊದಮೊಟ್ಟೆ, ಇಲಿಗಳ ಜೋಡಿ, ಪೆಂಗ್ವಿನ್ ಮುಂತಾದ ಹೆಸರುಗಳು ಗ್ಯಾಲಕ್ಸಿಗಳಿಗೆ ಬಂದವು. ಕೆಲವೊಮ್ಮೆ ಹೋಲಿಕೆ ವಿಜ್ಞಾನಿಗಳನ್ನೂ ದಾರಿ ತಪ್ಪಿಸಿದೆ. ಕೆಲವು ಅನಿಲಗೋಲಗಳು ಗ್ರಹದ ಬಿಲ್ಲೆಯಂತೆ ಕಂಡವೆಂದು ವಿಲಿಯಂ ಹರ್ಷಲ್ ಅವುಗಳಿಗೆ ಗ್ರಹೀಯ ನೀಹಾರಿಕೆ ಎಂಬ ಹೆಸರಿಟ್ಟರು. ಅವು ಆಯುಷ್ಯ ಮುಗಿಸುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಅನಿಲ. ಗ್ರಹಗಳಿಗೂ ಅವಕ್ಕೂ ಸಂಬಂಧವೇ ಇಲ್ಲ. ಹೆಸರು ಮಾತ್ರ ಇಂದಿಗೂ ಉಳಿದಿದೆ.

ಹತ್ತು ಲಕ್ಷ ಗ್ಯಾಲಕ್ಸಿಗಳಲ್ಲಿ ಪೂರ್ತಿ ವರ್ಣಮಾಲೆ

2007ರ ಜುಲೈಯಲ್ಲಿ ‘ಗ್ಯಾಲಕ್ಸಿ ಝೂ’ ಎಂಬ ಯೋಜನೆ ಆರಂಭವಾಯಿತು. ಸ್ಲೋನ್ ಆಕಾಶ ಸಮೀಕ್ಷೆಯಲ್ಲಿ ಸೆರೆಯಾದ ಸುಮಾರು ಹತ್ತು ಲಕ್ಷ ಗ್ಯಾಲಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು, ಇದು ಸುರುಳಿಯೋ ಮೊಟ್ಟೆಯಾಕಾರವೋ, ಸುರುಳಿಯಾದರೆ ಯಾವ ಕಡೆಗೆ ತಿರುಗಿದೆ ಎಂದು ಕೇಳಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಪಾಲ್ಗೊಂಡರು.

ಅಷ್ಟು ಚಿತ್ರಗಳನ್ನು ನೋಡುವಾಗ ಅವರಿಗೆ ಅಕ್ಷರಗಳು ಕಾಣತೊಡಗಿದವು. ಒಬ್ಬೊಬ್ಬರು ಒಂದೊಂದನ್ನು ಹೆಕ್ಕಿ ತಂದರು. ಕೊನೆಗೆ ಇಂಗ್ಲಿಷ್ ವರ್ಣಮಾಲೆ ಪೂರ್ತಿಯಾಗಿ ದೊರೆಯಿತು! ನಾಟಿಂಗ್‌ಹ್ಯಾಮ್‌ನ ಖಗೋಳಜ್ಞ ಸ್ಟೀವನ್ ಬ್ಯಾಮ್‌ಫರ್ಡ್ ಆ ಅಕ್ಷರಗಳಿಂದ ಯಾರು ಬೇಕಾದರೂ ತಮ್ಮ ಹೆಸರನ್ನು ಗ್ಯಾಲಕ್ಸಿಗಳಲ್ಲಿ ಬರೆದು ನೋಡುವ ವ್ಯವಸ್ಥೆಯನ್ನೇ ಮಾಡಿದರು. ಗ್ಯಾಲಕ್ಸಿಗಳಲ್ಲಿ ಆಗ ನನ್ನ ಹೆಸರನ್ನೂ ಬರೆಯಬಹುದು, ಯಾವುದೇ ಅಂಗಡಿಯ ಹೆಸರನ್ನೂ ಬರೆಯಬಹುದು.

ಇದರ ಅರ್ಥವನ್ನು ಗಮನಿಸಿರಿ. ಹತ್ತು ಲಕ್ಷ ರೂಪಗಳಲ್ಲಿ ಹುಡುಕಿದರೆ ಬೇಕಾದ ಅಕ್ಷರ ಸಿಕ್ಕೇ ಸಿಗುತ್ತದೆ. ಬದಿಯಿಂದ ಕಾಣುವ ಗ್ಯಾಲಕ್ಸಿ ಒಂದು ನೇರ ಗೆರೆ: ಅರಬಿ ಓದುವವನಿಗೆ ಅಲಿಫ್, ಇಂಗ್ಲಿಷ್ ಓದುವವನಿಗೆ ಐ, ಲೆಕ್ಕ ಬರೆಯುವವನಿಗೆ ಒಂದು, ಅಕ್ಷರ ತಿಳಿಯದವನಿಗೆ ಕೋಲು. ನಮ್ಮ ಕನ್ನಡದ ದುಂಡು ಅಕ್ಷರಗಳಿಗೆ ಆಕಾಶ ಇನ್ನೂ ಅನುಕೂಲ. 1950ರಲ್ಲಿ ಆರ್ಥರ್ ಹೋಗ್ ಗುರುತಿಸಿದ ಉಂಗುರದ ಗ್ಯಾಲಕ್ಸಿಯೊಂದಿದೆ. ವೃತ್ತದ ನಡುವೆ ಒಂದು ಚುಕ್ಕೆ. ಕನ್ನಡಿಗನಿಗೆ ಅದು ಸರಿಸುಮಾರು ‘ಠ’. ಇದರಿಂದ ಠಕಾರದ ಬಗ್ಗೆ ನಾವೇನಾದರೂ ತೀರ್ಮಾನಿಸುತ್ತೇವೆಯೇ? ಅಲ್ಲಾಹನ ನಾಮವನ್ನು ಅರಬಿಯಲ್ಲಿ ಬರೆಯುವಾಗ ಕೆಲವು ನಿಂತ ಗೆರೆಗಳು ಮತ್ತು ಕೊನೆಗೊಂದು ಕುಣಿಕೆ ಬರುತ್ತವೆ. ಇಷ್ಟು ಸರಳವಾದ ಗೆರೆಗಳು ಮೋಡದಲ್ಲಿ, ಮರದ ತೊಗಟೆಯಲ್ಲಿ, ಹೆಚ್ಚಿದ ಟೊಮೆಟೊದಲ್ಲಿ ಕಾಣುವುದು ಆಶ್ಚರ್ಯವಲ್ಲ.

2023ರ ಜುಲೈಯಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಒಂದು ಚಿತ್ರದ ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡಿತೆಂದು ಜಗತ್ತೆಲ್ಲ ಮಾತಾಡಿತು. ಬಹುಶಃ ಒಂದನ್ನೊಂದು ಸೆಳೆಯುತ್ತಿರುವ ಎರಡು ಗ್ಯಾಲಕ್ಸಿಗಳು ಅವು. ಆದರೆ ಅರಬಿ ಮತ್ತು ಉರ್ದುವಿನಲ್ಲಿ ಪ್ರಶ್ನೆಯ ಚಿಹ್ನೆಯನ್ನು ಎಡಬಲ ತಿರುವಿ ಬರೆಯುತ್ತಾರೆ! ಆ ಲಿಪಿಯನ್ನು ಮಾತ್ರ ಬಲ್ಲ ಮಗುವಿಗೆ ಅಲ್ಲಿ ಪ್ರಶ್ನೆಯೇ ಕಾಣುತ್ತಿರಲಿಲ್ಲ.

ಕನ್ನಡಿ ಹೇಳಿದ ಸತ್ಯ

ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಗಡಿಯಾರಕ್ಕೆ ವಿರುದ್ಧ ದಿಕ್ಕಿನ ಸುರುಳಿಗಳೇ ಹೆಚ್ಚಾಗಿವೆ ಎಂದು ಜನರ ಲೆಕ್ಕ ಹೇಳಿತು. ನಿಜವಾಗಿದ್ದರೆ ಅದು ವಿಶ್ವದ ರಚನೆಯನ್ನೇ ಕುರಿತ ಮಹಾ ಶೋಧವಾಗುತ್ತಿತ್ತು. ಆದರೆ ವಿಜ್ಞಾನಿಗಳು ಸಂಭ್ರಮಿಸುವ ಮೊದಲು ಒಂದು ಪರೀಕ್ಷೆ ಮಾಡಿದರು. ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಮತ್ತೆ ಜನರ ಮುಂದಿಟ್ಟರು. ಹೆಚ್ಚಳ ಆಕಾಶದಲ್ಲಿದ್ದಿದ್ದರೆ ಈಗ ಲೆಕ್ಕ ತಲೆಕೆಳಗಾಗಬೇಕಿತ್ತು. ಹಾಗಾಗಲಿಲ್ಲ, ತಿರುವಿದ ಚಿತ್ರಗಳಲ್ಲಿಯೂ ಜನರು ವಿರುದ್ಧ ದಿಕ್ಕನ್ನೇ ಹೆಚ್ಚಾಗಿ ಕಂಡರು. ಒಲವು ಇದ್ದುದು ನೋಡುವ ಮನುಷ್ಯನಲ್ಲಿ. 2008ರಲ್ಲಿ ಅದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು.

ಅದೇ ಯೋಜನೆಯಲ್ಲಿ ನಿಜವಾದ ಶೋಧವೂ ಆಯಿತು. ಹಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ 2007ರಲ್ಲಿ ಒಂದು ಗ್ಯಾಲಕ್ಸಿಯ ಪಕ್ಕದ ವಿಚಿತ್ರ ಕಲೆಯನ್ನು ಗಮನಿಸಿ, ಇದೇನೆಂದು ಕೇಳಿದರು. ಅದು ತನ್ನದೇ ಬಗೆಯ ಬೃಹತ್ ಅನಿಲರಾಶಿಯಾಗಿತ್ತು. ಆಕೆಗೆ ಅದರಲ್ಲಿ ಯಾವ ಪರಿಚಿತ ರೂಪವೂ ಕಾಣಲಿಲ್ಲ. ತನಗೆ ತಿಳಿದ ಯಾವುದನ್ನೂ ಅದು ಹೋಲುವುದಿಲ್ಲ ಎಂಬುದನ್ನೇ ಆಕೆ ಕಂಡರು.

ನಮ್ಮ ನಾಡಿನಲ್ಲಿಯೂ ಇಂತಹ ಪಾಠವಿದೆ. ಮುತ್ತಿನ ಕೆರೆಗೆ ಹೆಸರಿಟ್ಟ ನಾಸಿರ್ ಜಂಗನ ವಂಶದವರ ಆಳ್ವಿಕೆಯಲ್ಲಿ, 1901ರಲ್ಲಿ ಹೈದರಾಬಾದಿನ ನವಾಬ ಝಫರ್ ಜಂಗ್ ಸ್ಥಾಪಿಸಿದ ವೀಕ್ಷಣಾಲಯ ಮುಂದೆ ನಿಜಾಮಿಯಾ ವೀಕ್ಷಣಾಲಯವೆಂದು ಹೆಸರಾಯಿತು. ಅಲ್ಲಿ ಸೇವೆಯಲ್ಲಿದ್ದವರೊಬ್ಬರ ಮಗನೇ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೈನು ಬಾಪು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ರೂಪಿಸುವಲ್ಲಿ ಈ ಸಂಸ್ಥೆ ಮುಂದಾಳಾಗಿತ್ತು. ಗ್ಯಾಲಕ್ಸಿಗಳನ್ನು ಮಾತ್ರವಲ್ಲದೆ ನಮ್ಮ ಆಕಾಶಗಂಗೆಯೊಳಗಿನ ನೀಹಾರಿಕೆಗಳನ್ನೂ ಅದು ನೋಡಿತು. ಅವುಗಳಲ್ಲೊಂದು, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕಾಣುವುದರಿಂದ ಚಿಟ್ಟೆ ನೀಹಾರಿಕೆ ಎನಿಸಿಕೊಂಡದ್ದು. ಅತಿನೇರಳೆ ಬೆಳಕಿನಲ್ಲಿ ನೋಡಿದಾಗ ಅದರ ಅನಿಲವು ಪರಿಚಿತ ರೆಕ್ಕೆಗಳಿಗಿಂತ ಬಹುದೂರ ಹರಡಿರುವುದು 2018ರಲ್ಲಿ ಪ್ರಕಟವಾಯಿತು. ಚಿಟ್ಟೆ ಇದ್ದುದು ನಮ್ಮ ಕಣ್ಣಿಗೆ ಎಟಕುವ ಬೆಳಕಿನಲ್ಲಿ ಮಾತ್ರ. ಸೃಷ್ಟಿ ನಮ್ಮ ಹೋಲಿಕೆಗಿಂತ ದೊಡ್ಡದಾಗಿತ್ತು.

ಮದೀನಾದ ಗ್ರಹಣ

ಈಗ ಮೂಲ ಪ್ರಶ್ನೆಗೆ ಬರೋಣ. ಹಿಜರಿ 10ರಲ್ಲಿ ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡರು. ಅದೇ ದಿನ ಮದೀನಾದಲ್ಲಿ ಸೂರ್ಯಗ್ರಹಣವಾಯಿತು; ಅದು ಕ್ರಿ.ಶ. 632ರ ಜನವರಿ 27 ಎಂದು ಲೆಕ್ಕ ಹಾಕಲಾಗಿದೆ. ಪ್ರವಾದಿಯವರ ಮಗನ ಮರಣಕ್ಕೆ ಸೂರ್ಯನೂ ಮಂಕಾದನೆಂದು ಜನರು ಮಾತಾಡಿಕೊಂಡರು. ಸುಳ್ಳು ಪ್ರವಾದಿಯೊಬ್ಬನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಿರಲಿಲ್ಲ. ಸುಮ್ಮನಿದ್ದರೂ ಸಾಕಿತ್ತು. ಆದರೆ ಪ್ರವಾದಿ(ಸ)ರು ಮಗನನ್ನು ಕಳೆದುಕೊಂಡ ಆ ದುಃಖದ ನಡುವೆಯೇ ಜನರನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರದೇ ಹುಟ್ಟು ಸಾವಿಗಾಗಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದೂ ತಿಳಿಸಿ, ನಮಾಝಿನತ್ತ ಕರೆದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಪ್ರಸಂಗ ವರದಿಯಾಗಿದೆ.

ಪ್ರಿಯ ಓದುಗರೇ, ತನ್ನ ಪರವಾಗಿ ಬಂದ ಸುಳ್ಳನ್ನು ನಿರಾಕರಿಸಿದ ಪ್ರವಾದಿಯ ಸಮುದಾಯ ನಾವು. ತಿಳಿಯದುದರ ಬೆನ್ನು ಹತ್ತಬಾರದು, ಕಿವಿ, ಕಣ್ಣು, ಹೃದಯಗಳ ಬಗ್ಗೆ ವಿಚಾರಣೆಯಿದೆ ಎಂಬ ಎಚ್ಚರಿಕೆ ಸೂರಃ ಬನೀ ಇಸ್ರಾಈಲ್‌ನಲ್ಲಿದೆ (17:36). ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ (49:6). ಗೆರೆ ಎಳೆದ ಚಿತ್ರವನ್ನು ಹತ್ತು ಮಂದಿಗೆ ಕಳುಹಿಸುವ ಬೆರಳಿಗೂ ಇವು ಅನ್ವಯಿಸುತ್ತವೆ.

ಇನ್ನೊಂದು ಪ್ರಸಿದ್ಧ ಚಿತ್ರವನ್ನು ತೆಗೆದುಕೊಳ್ಳಿರಿ. ಕೆಂಪು ಗುಲಾಬಿಯಂತಿರುವ ಒಂದು ನೀಹಾರಿಕೆಯನ್ನು ಸೂರಃ ಅರ್ರಹ್ಮಾನ್‌ನ 37ನೆಯ ವಚನದ ಪುರಾವೆಯೆಂದು ವರ್ಷಗಳಿಂದ ಹಂಚಲಾಗುತ್ತಿದೆ. ಅದು ಬೆಕ್ಕಿನ ಕಣ್ಣಿನ ಹೆಸರಿನ ನೀಹಾರಿಕೆ. ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿ ಆಯುಷ್ಯ ಮುಗಿಸುತ್ತಿರುವ ಒಂದೇ ಒಂದು ನಕ್ಷತ್ರ. ಅದರೊಳಗಿನ ಬೇರೆ ಬೇರೆ ಅನಿಲಗಳನ್ನು ಗುರುತಿಸಲೆಂದು ವಿಜ್ಞಾನಿಗಳು ಆರಿಸಿಕೊಂಡ ಬಣ್ಣಗಳು ಆ ಚಿತ್ರದಲ್ಲಿವೆ. ಒಬ್ಬನಿಗೆ ಬೆಕ್ಕಿನ ಕಣ್ಣು ಕಂಡಲ್ಲಿ ಇನ್ನೊಬ್ಬನಿಗೆ ಗುಲಾಬಿ ಕಂಡಿತು. ಆ ವಚನವಾದರೋ ಆಕಾಶವೇ ಸೀಳಿಹೋಗುವ ಅಂತ್ಯದಿನವನ್ನು ನೆನಪಿಸುತ್ತದೆ. ಆ ಮಹಾಭೀತಿಯನ್ನು ಒಂದು ಸುಂದರ ಚಿತ್ರಕ್ಕೆ ಇಳಿಸುವುದು ವಚನಕ್ಕೆ ಸಲ್ಲಿಸುವ ಗೌರವವೇ? ನಾಳೆ ಇನ್ನೊಂದು ದೂರದರ್ಶಕ ಅದನ್ನೇ ನೀಲಿ ಬಣ್ಣದಲ್ಲಿ ತೋರಿಸಿದರೆ ನಮ್ಮ ಮಕ್ಕಳಿಗೆ ಏನೆಂದು ಹೇಳುವೆವು?

ದೃಷ್ಟಾಂತಗಳು ಆಕಾಶದಲ್ಲಿ ಖಂಡಿತವಾಗಿಯೂ ಇವೆ. ಆಕಾಶ ಭೂಮಿಗಳ ಸೃಷ್ಟಿಯಲ್ಲಿ, ರಾತ್ರಿ ಹಗಲುಗಳ ಬದಲಾವಣೆಯಲ್ಲಿ ಬುದ್ಧಿವಂತರಿಗೆ ದೃಷ್ಟಾಂತಗಳಿವೆ ಎಂದು ಸೂರಃ ಆಲು ಇಮ್ರಾನ್ ಸಾರುತ್ತದೆ (3:190). ಸೂರಃ ಅಲ್ ಮುಲ್ಕ್ ಮತ್ತೆ ಮತ್ತೆ ದೃಷ್ಟಿ ಹಾಯಿಸಲು ಹೇಳುತ್ತದೆ. ಹಾಗೆ ನೋಡಿದ ದೃಷ್ಟಿ ಸೋತು ಮರಳುವುದೆಂದೂ ಹೇಳುತ್ತದೆ (67:3-4). ಕೆಂಪು ಗೆರೆ ಎಳೆದು ನಮಗೆ ತಿಳಿದ ಅಕ್ಷರವನ್ನು ಹುಡುಕಿ ತೃಪ್ತನಾದವನು ಎರಡನೆಯ ಬಾರಿ ನೋಡುವುದೇ ಇಲ್ಲ. ಅಸ್ಸೂಫಿಯವರು ಎರಡನೆಯ ಬಾರಿ ನೋಡಿದರು, ಆದುದರಿಂದಲೇ ಮೀನಿನ ಬಾಯಿಯ ಮುಂದಿನ ಮೋಡ ಅವರಿಗೆ ಕಂಡಿತು.

ಅಂದು ಏರಿಯ ಮೇಲೆ ಕತ್ತಲಾಗಿತ್ತು. ಕೆರೆಯ ನೀರಿನಲ್ಲಿ ಮೊದಲ ನಕ್ಷತ್ರಗಳು ತಲೆಕೆಳಗಾಗಿ ಮೂಡಿದ್ದವು. ನಾನು ಹುಡುಗನಿಗೆ ಹೇಳಿದೆ: “ಮಗಾ, ಆ ಗೆರೆ ಎಳೆದವನು ತಪ್ಪು ಮಾಡಿದ. ಗೆರೆ ಮನುಷ್ಯನದ್ದು, ಗ್ಯಾಲಕ್ಸಿ ಅಲ್ಲಾಹನದ್ದು. ಗೆರೆ ಅಳಿಸಿಹೋದರೆ ಗ್ಯಾಲಕ್ಸಿ ಅಳಿಯುವುದಿಲ್ಲ. ಶಾಲೆಯಲ್ಲಿ ಗೆಳೆಯರಿಗೆ, ನೀವು ಹೇಳಿದ್ದು ಸರಿ, ಅಲ್ಲಿ ಅಕ್ಷರವಿಲ್ಲ ಎಂದು ಧೈರ್ಯವಾಗಿ ಹೇಳು. ಹಾಗೆ ಹೇಳುವುದೂ ಈಮಾನಿನ ಭಾಗವೇ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ಜೇಬಿಗಿಟ್ಟು, “ಆ ಮೀನು ಎಲ್ಲಿದೆ, ಮಾಮು?” ಎಂದು ತಲೆಯೆತ್ತಿ ನೋಡತೊಡಗಿದ.

ಕಂಡದ್ದನ್ನು ಕಂಡಷ್ಟೇ ಹೇಳುವ ನಾಲಿಗೆಯನ್ನೂ ಮತ್ತೊಮ್ಮೆ ನೋಡುವ ತಾಳ್ಮೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.